ಅಪ್ಪ ನನ್ನನ್ನು ನಾಪಾಸು ಮಾಡಿದ್ದು

ಯುಗಾದಿ ಕಳೆದು ಬಿಸಿಲು ನೆತ್ತಿ ಸುಡತೊಡಗಿದ ಮೇಲೆ ಎಂಟು ಹತ್ತು ದಿನ ನಮ್ಮ ಮನೆಯ ಪಡಸಾಲೆಯಲ್ಲಿ ಯಾರೂ ಕಾಲಿಡುವಂತಿರಲಿಲ್ಲ. ಅಪ್ಪ ಊರಿನ ಸರ್ಕಾರಿ ಶಾಲೆಯ ಹೆಡ್ ಮಾಸ್ತರ. ವರ್ಷದ ಪರೀಕ್ಷೆ ಮುಗಿದ ಮೇಲೆ ಇಡೀ ಶಾಲೆಯ ರಿಜಲ್ಟನ್ನು ಅವನು ಮೊದಲು ಬರೆಯುತ್ತಿದ್ದದ್ದು ಕಾಗದದ ಮೇಲಲ್ಲ, ಪಡಸಾಲೆಯ ನೆಲದ ಮೇಲೆ, ಸೀಮೆಸುಣ್ಣದಿಂದ. ವಾಡಿಗೂ ಚಿತ್ತಾಪುರಕ್ಕೂ ನಡುವಿನ ನಮ್ಮ ಕಡೆ ನೀರಿಗೆ ಬರವಿರಬಹುದು, ಕಲ್ಲಿಗೆ ಬರವಿಲ್ಲ. ಗೋಡೆ ಮಣ್ಣಿನದಾದರೂ ನೆಲಕ್ಕೆ ಹಾಸುಗಲ್ಲೇ. ನಮ್ಮ ಪಡಸಾಲೆಯ ಕಲ್ಲುಗಳು ತಿರುಗಾಡಿ ತಿರುಗಾಡಿ ಶಾಲೆಯ ಕರಿಹಲಗೆಗಿಂತ ನುಣುಪಾಗಿದ್ದವು. ಮೇಲಿನ ಆಫೀಸಿಗೆ ಕಳಿಸುವ ಹಾಳೆಯಲ್ಲಿ ಒಂದು ಅಂಕಿ ಹೊಡೆದು ತಿದ್ದಿದ್ದರೂ ಇನ್‌ಸ್ಪೆಕ್ಟರ್ ಸಾಹೇಬರು ಎಲ್ಲರೆದುರು ಬೈಯುತ್ತಿದ್ದರಂತೆ. ಅದಕ್ಕೆ ಅಪ್ಪ ಕಂಡುಕೊಂಡ ದಾರಿ ಇದು. ಬಾಗಿಲ ಬಳಿಯ ಸಾಲು ಒಂದನೆಯ ಇಯತ್ತೆಗೆ, ಒಳಗಿನ ದೇವರ ಗೂಡಿನ ಬಳಿಯ ಸಾಲು ಆರನೆಯದಕ್ಕೆ. ಒಂದೊಂದು ಕಲ್ಲಿಗೆ ಒಬ್ಬೊಬ್ಬರ ಹೆಸರು, ಅದರ ಕೆಳಗೆ ಅಂಕಿಗಳು. ಸಾಲಿನ ಕೊನೆಗೊಂದು ದಪ್ಪ ಗೀಟು. ಗೀಟಿನ ಮೇಲಿದ್ದವರು ಪಾಸು, ಕೆಳಗಿದ್ದವರು ನಾಪಾಸು. ಎಲ್ಲ ಸರಿಯಾಯಿತು ಅಂದ ಮೇಲೆಯೇ ಹಾಳೆಯ ಮೇಲೆ ಮಸಿ ಬೀಳುತ್ತಿತ್ತು.

ಆ ಎಂಟು ಹತ್ತು ದಿನ ನಾವು ಗೋಡೆ ಹಿಡಿದು ಓಡಾಡುತ್ತಿದ್ದೆವು. ಊಟ ಹಿತ್ತಲಲ್ಲಿ, ಬೇವಿನ ನೆರಳಿನಲ್ಲಿ. ಬಂದ ಬೀಗರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸುವುದು. ಕಸ ಗುಡಿಸುವಂತಿಲ್ಲ, ನೀರು ಚಿಮುಕಿಸುವಂತಿಲ್ಲ. ಅವ್ವ ರೊಟ್ಟಿಯ ಬುಟ್ಟಿ, ಪುಂಡಿಪಲ್ಯದ ಗಡಿಗೆ ಹಿಡಿದು ಗೋಡೆಗೆ ಬೆನ್ನು ಹಚ್ಚಿ ಒಂದೊಂದೇ ಹೆಜ್ಜೆ ಸರಿಯುತ್ತಾ ಗೊಣಗುತ್ತಿದ್ದಳು.

“ಮಂದಿ ಮನ್ಯಾಗ ದೇವರ ಮುಂದ ರಂಗೋಲಿ ಹಾಕ್ತಾರ. ನಮ್ಮ ಮನ್ಯಾಗ ದೇವರಿಗೇ ದಾರಿ ಇಲ್ಲದಂಗ ಹಾಕ್ಯಾರ.”

ಅಪ್ಪ ನಗುತ್ತಿರಲಿಲ್ಲ. ಅವನು ನೆಲದ ಮೇಲೆ ಮೊಣಕಾಲೂರಿ, ಹಣೆಯ ಬೆವರು ಅಕ್ಷರದ ಮೇಲೆ ಬೀಳದಂತೆ ತಲೆಗೆ ವಲ್ಲಿ ಸುತ್ತಿಕೊಂಡು, ಅಂಕಿ ಕೂಡಿಸುತ್ತಿದ್ದ. ಮನೆಯೊಳಗಿನದು ಹೊರಗೆ ಹೋಗಬಾರದೆಂಬ ಕಟ್ಟಪ್ಪಣೆ ಬೇರೆ. ಪಕ್ಕದ ಮನೆಯ ಖಾತೂನಬಿ ಮಜ್ಜಿಗೆಗೆ ಬಂದರೆ ಹೊಸ್ತಿಲಾಚೆಯೇ ನಿಲ್ಲಬೇಕು. ಅವಳ ಗಂಡ ಗಣಿಯಲ್ಲಿ ಕಲ್ಲು ಒಡೆಯುವವನು, ಮಗಳು ಜೈನಾಬಿ ನನಗಿಂತ ಒಂದು ಇಯತ್ತೆ ಹಿಂದೆ. ಓದು ಬಾರದ ಖಾತೂನಬಿ ಕುತ್ತಿಗೆ ಉದ್ದ ಮಾಡಿ ಇಡೀ ನೆಲವನ್ನು ನೋಡುತ್ತಿದ್ದಳು.

“ಹೌದೇನ್ರಿ ಅಕ್ಕ, ನಮ್ಮ ಜೈನಾ ಗೀಟಿನ ಮ್ಯಾಲ ಅದಾಳೋ ಕೆಳಗ ಅದಾಳೋ? ಅಷ್ಟೇ ಹೇಳ್ರಿ.”

“ನಂಗೇನು ಗೊತ್ತವಾ? ನಾ ಏನ್ ಓದಾಕಿನಾ? ನನಗ ಅಲ್ಲಿ ಸುಣ್ಣ ಕಾಣ್ತದ, ಅಷ್ಟೇ,” ಎಂದು ಅವ್ವ ಮಜ್ಜಿಗೆ ಸುರಿದು ಕಳಿಸುತ್ತಿದ್ದಳು.

ಅವ್ವ ಹೇಳಿದ್ದು ಪೂರ್ತಿ ನಿಜವಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ನನ್ನ ಕಲ್ಲು ಯಾವುದೆಂದು ಗೊತ್ತಿತ್ತು. ನಾನೇ ತೋರಿಸಿದ್ದೆ. ಅಪ್ಪನಿಗೆ ಉತ್ತರಪತ್ರಿಕೆಯ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳುವುದು, ಕೊನೆಗೆ ಹಾಳೆಯ ಮೇಲೆ ಮಸಿಯಲ್ಲಿ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿದ್ದವು. ನಾನು ಆರನೆಯ ಇಯತ್ತೆ ಬರೆದ ಆ ವರ್ಷ ನನ್ನ ಹೆಸರು ಕಂಬದಿಂದ ಮೂರನೆಯ ಕಲ್ಲಿನ ಮೇಲೆ ಬಂತು. ಲೆಕ್ಕದಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು. ಅಪ್ಪ ಬರೆದು ಹೋದ ಮೇಲೆ ಅವ್ವನ ಕೈ ಹಿಡಿದು ಕರೆತಂದು, ಇದು ನಾನು, ಗೀಟಿನ ಮೇಲಿದ್ದೇನೆ ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಂದಿನಿಂದ ಆ ಕಡೆಯಿಂದ ಹೋಗುವಾಗೆಲ್ಲ ಮೂರನೆಯ ಕಲ್ಲನ್ನು ಒಮ್ಮೆ ನೋಡಿಯೇ ಹೋಗುತ್ತಿದ್ದಳು.

ನಮ್ಮ ಊರಲ್ಲಿ ಶಾಲೆ ಇದ್ದದ್ದು ಆರನೆಯದರವರೆಗೆ. ಏಳಕ್ಕೆ ಚಿತ್ತಾಪುರಕ್ಕೆ ಹೋಗಬೇಕು. ಗಂಡುಹುಡುಗರು ಹೇಗೋ ಹೋಗುತ್ತಿದ್ದರು, ಹುಡುಗಿಯೊಬ್ಬಳೂ ಹೋಗಿರಲಿಲ್ಲ. ನನಗೆ ಮಾತ್ರ ಅನುಕೂಲವಿತ್ತು. ಅವ್ವನ ಅಕ್ಕ ಚಿತ್ತಾಪುರದಲ್ಲಿದ್ದಳು. ಅವಳ ಮಗಳು ಶಾಂತಾಳೂ ಆರು ಮುಗಿಸಿದ್ದಳು. ಇಬ್ಬರೂ ಒಟ್ಟಿಗೆ ಏಳನೆಯದಕ್ಕೆ ಹೋಗುವುದು, ನಾನು ದೊಡ್ಡವ್ವನ ಮನೆಯಲ್ಲಿ ಇರುವುದು ಎಂದು ಸಂಕ್ರಾಂತಿಗೇ ಮಾತಾಗಿತ್ತು. ಅವ್ವ ತನ್ನ ಮದುವೆಯ ಟ್ರಂಕಿನಿಂದ ಸೀರೆಗಳನ್ನು ತೆಗೆದು ಗಂಟು ಕಟ್ಟಿ ಮೇಲಿಟ್ಟಿದ್ದಳು. ಖಾಲಿ ಟ್ರಂಕು ನನ್ನದು. ನಾನು ಅದರೊಳಗೆ ಎರಡು ಪುಸ್ತಕ, ಒಂದು ಹಣಿಗೆ ಇಟ್ಟು ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತಿದ್ದೆ. ಆ ಮುಚ್ಚಳದ ಸದ್ದಿಗೆ ಅಪ್ಪ ಒಮ್ಮೆಯೂ ಬೈಯಲಿಲ್ಲ. ಅದೇ ನನಗೆ ಅನುಮಾನ ತರಬೇಕಿತ್ತು.

ಪರೀಕ್ಷೆಗೆ ಮೊದಲು ಇನ್‌ಸ್ಪೆಕ್ಟರ್ ಸಾಹೇಬರು ಬಂದು ಹೋಗಿದ್ದರು. ನಮ್ಮ ಮನೆಯಲ್ಲೇ ಊಟ. ಅಪ್ಪ ನಿಂತೇ ಬಡಿಸಿದ. ಸಾಹೇಬರು ಕೈ ತೊಳೆಯುತ್ತಾ ಸಹಜವಾಗಿ ಒಂದು ಮಾತು ಹೇಳಿದರು. ಬರುವ ವರ್ಷ ಶಾಲೆ ಶುರುವಾದಾಗ ಆರನೆಯ ಇಯತ್ತೆಯಲ್ಲಿ ಹತ್ತು ಮಕ್ಕಳು ಇರದಿದ್ದರೆ ಆ ಇಯತ್ತೆ ಮುಚ್ಚುತ್ತೇವೆ, ಒಬ್ಬ ಮಾಸ್ತರರನ್ನೂ ಬೇರೆ ಕಡೆ ಹಾಕುತ್ತೇವೆ ಎಂದು. ಅಪ್ಪ ವಲ್ಲಿ ಕೊಡುತ್ತಾ “ಹತ್ತು ಆಗ್ತಾವ್ರಿ ಸಾಹೇಬ್ರ” ಎಂದ. ನನಗೆ ಅದು ದೊಡ್ಡವರ ಮಾತು, ನನಗೆ ಸಂಬಂಧವಿಲ್ಲದ್ದು.

ಐದನೆಯದನ್ನು ಬರೆದಿದ್ದವರಲ್ಲಿ ಪಾಸಾಗಬಾರದವರನ್ನೂ ಅಪ್ಪ ಪಾಸು ಮಾಡಿ ನೋಡಿದ. ಒಂದಂಕಿ ಇಲ್ಲಿ, ಎರಡಂಕಿ ಅಲ್ಲಿ ಕೂಡಿಸಿದ. ನೆಲದ ಮೇಲೆ ಎಷ್ಟು ಒರೆಸಿ ಎಷ್ಟು ಬರೆದರೂ ಆರಕ್ಕೆ ಬರುವವರು ಒಂಬತ್ತೇ. ನಮ್ಮ ಆರನೆಯದರಲ್ಲಿ ನಿಜವಾಗಿ ನಾಪಾಸಾಗಬೇಕಿದ್ದ ಒಬ್ಬ ಹುಡುಗ ಪರೀಕ್ಷೆಗೇ ಬರದೆ ಗಣಿಗೆ ಸೇರಿಯಾಗಿತ್ತು. ಅಪ್ಪ ಎರಡು ದಿನ ಆ ಒಂಬತ್ತನ್ನೇ ಮತ್ತೆ ಮತ್ತೆ ಎಣಿಸಿದ. ಮೂರನೆಯ ದಿನ ಬೆಳಿಗ್ಗೆ ಅವನು ಶಾಲೆಗೆ ಹೋದ ಮೇಲೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ನನ್ನನ್ನು ಕರೆದಳು.

“ಸುಸಲಿ, ನಿನ್ನ ಕಲ್ಲು ಯಾಕ ಹಸಿ ಅದ?”

ಮೂರನೆಯ ಕಲ್ಲಿನ ಮೇಲೆ ಒದ್ದೆ ಬಟ್ಟೆ ಆಡಿಸಿದ ಗುರುತು ಇನ್ನೂ ಆರಿರಲಿಲ್ಲ. ನನ್ನ ಹೆಸರು ದಪ್ಪ ಗೀಟಿನ ಕೆಳಗೆ, ಒಂದೇ ಒಂದು ಹೆಸರಾಗಿ, ಬಂದು ಕೂತಿತ್ತು. ಕನ್ನಡ, ಸಮಾಜ, ವಿಜ್ಞಾನ ಎಲ್ಲ ಮೊದಲಿನ ಹಾಗೇ ಇದ್ದವು. ಲೆಕ್ಕದ ಅಂಕಿ ಮಾತ್ರ ಇಳಿದಿತ್ತು. ನನಗೆ ಮೊದಲು ಬಂದದ್ದು ಅಳುವಲ್ಲ, ನಾಚಿಕೆ. ಉತ್ತರಪತ್ರಿಕೆಯಲ್ಲಿ ನಾನೇ ಏನೋ ತಪ್ಪು ಮಾಡಿ, ಅಪ್ಪ ಅದನ್ನು ತಡವಾಗಿ ಕಂಡಿರಬೇಕು ಎಂದುಕೊಂಡೆ. ಅವನು ತಪ್ಪು ಮಾಡಬಹುದೆಂಬ ಯೋಚನೆ ನನಗೆ ಬರಲೇ ಇಲ್ಲ. ಆ ವಯಸ್ಸಿನ ನನ್ನ ಪೆದ್ದುತನಕ್ಕೆ ಈಗಲೂ ಸಿಟ್ಟು ಬರುತ್ತದೆ.

ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ಅವ್ವ ತಾಟು ಇಡಲಿಲ್ಲ. ತುಂಬಿದ ಕೊಡ ಹಿಡಿದು ಪಡಸಾಲೆಯ ಅಂಚಿನಲ್ಲಿ ನಿಂತಿದ್ದಳು.

“ನನ್ನ ಮಗಳ ಹೆಸರು ಎಲ್ಲಿಗಿ ಹೋಯ್ತು?”

“ಕೆಳಗದ,” ಎಂದ ಅಪ್ಪ.

“ಅಕಿ ಸರಿ ಬರೀಲಿಲ್ಲೇನು?”

“ಬರದಾಳ. ಛಲೋನೇ ಬರದಾಳ.”

“ಮತ್ತ?”

“ಒಂಬತ್ತೇ ಮಂದಿ ಆಗಾಕತ್ತಾರ. ಹತ್ತು ಬೇಕು. ಒಬ್ಬರ ಸಲುವಾಗಿ ಇಯತ್ತೆ ಮುಚ್ಚಿ ಹೋಗ್ತದ. ಆ ಒಂಬತ್ತೂ ಮಕ್ಕಳು ಐದಕ್ಕೇ ಸಾಲಿ ಬಿಡ್ತಾವ.”

“ಊರಾಗ ಬ್ಯಾರೆ ಯಾರ ಮಕ್ಕಳೂ ಸಿಗಲಿಲ್ಲೇನು ನಿಮಗ?”

ಅಪ್ಪ ಕಂಬಕ್ಕೆ ಒರಗಿ ಕೂತ. ಪಾಠ ಹೇಳುವಾಗಿನ ಧ್ವನಿಯಲ್ಲೇ ಹೇಳಿದ.

“ಬ್ಯಾರೆಯವರ ಮಕ್ಕಳ್ನ ನಾಪಾಸ್ ಮಾಡಿದ್ರ ಅವರ ಅಪ್ಪ ಅವ್ವ ನಾಳಿಗೇ ಬಿಡಿಸಿ ಗಣಿಗಿ ಕಳಸ್ತಾರ. ಅವು ತಿರುಗಿ ಸಾಲಿ ಮೆಟ್ಟಲಾ ಹತ್ತಂಗಿಲ್ಲ. ಬಂದೇ ಬರ್ತಾಳ ಅಂತ ನನಗ ಖಾತ್ರಿ ಇರೋದು ನನ್ನ ಮಗಳದೊಂದೇ. ಒಂದು ವರ್ಷದ ಮಾತು. ಮುಂದಿನ ವರ್ಷ ಚಿತ್ತಾಪುರಕ್ಕ ಹೋಗ್ಲಿ.”

“ಅಂದ್ರ ಅಕಿ ನಿಮ್ಮ ಮಾತು ಮೀರಂಗಿಲ್ಲ ಅಂತ ಅಕಿ ಕುತ್ತಿಗಿನೇ ಕೊಯ್ತೀರಿ?”

ಅವ್ವ ಇಡೀ ನೆಲಕ್ಕೆ ಕೊಡ ಸುರಿಯುತ್ತೇನೆಂದು ಎತ್ತಿದಳು. ಎಲ್ಲಾ ತೊಳೆದು ಹೋಗಲಿ, ಊರಿಗೇ ನಾಪಾಸು ಆಗಲಿ ಎಂದಳು. ಅಪ್ಪ ತಡೆಯಲಿಲ್ಲ. “ಹಾಕು, ಎಲ್ಲಾರದೂ ನನಗ ಬಾಯಿಪಾಠ ಅದ,” ಎಂದ ಅಷ್ಟೇ. ಅವ್ವ ಕೊಡ ಇಳಿಸಿ, ಕೈಯಲ್ಲಿ ನೀರು ತೆಗೆದುಕೊಂಡು ಗೀಟಿನ ಕೆಳಗಿನ ಒಂದೇ ಕಲ್ಲನ್ನು ತಿಕ್ಕಿ ತಿಕ್ಕಿ ತೊಳೆದಳು. ಸಂಜೆಗೆ ಅಪ್ಪ ಅಲ್ಲಿಯೇ ಮತ್ತೆ ಬರೆದಿದ್ದ. ಅಕ್ಷರ ಒಂದಿಷ್ಟೂ ಅಲುಗಾಡಿರಲಿಲ್ಲ.

ಇಷ್ಟಾದ ಮೇಲೆ ಹಾಳೆ ಬರೆಯುವ ಕೆಲಸವನ್ನಾದರೂ ಅವನೇ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಎಂದಿನಂತೆ ಮಣೆ ಹಾಕಿ, ಹಾಳೆ ಬಿಡಿಸಿ, ಮಸಿಯ ದೌತಿ ಇಟ್ಟು ನನ್ನನ್ನು ಕರೆದ. ನಾನು ಕೂತೆ. ಒಂದನೆಯ ಇಯತ್ತೆಯಿಂದ ಶುರುಮಾಡಿ ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಐದನೆಯದರಲ್ಲಿ ಜೈನಾಬಿಯ ಹೆಸರು ಪಾಸಿನಲ್ಲಿ ಬರೆದೆ. ಆರನೆಯದರ ಕೊನೆಗೆ ಬಂದಾಗ ಅವನು ಒಂದು ಗಳಿಗೆ ಸುಮ್ಮನಾಗಬಹುದು, ಹಾಳೆ ತನ್ನ ಕಡೆ ಎಳೆದುಕೊಳ್ಳಬಹುದು ಎಂದು ಲೆಕ್ಕಣಿಕೆ ಎತ್ತಿ ಹಿಡಿದೆ. ಅವನು ಅದೇ ಧ್ವನಿಯಲ್ಲಿ ನನ್ನ ಹೆಸರು ಹೇಳಿದ. ಲೆಕ್ಕದ ಅಂಕಿ ಹೇಳಿದ. ನಾಪಾಸು ಎಂದ. ನಾನು ದುಂಡಗೆ ಬರೆದೆ. ಒಂದು ಗೀಟೂ ತಪ್ಪಲಿಲ್ಲ. ಅಪ್ಪ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ “ಛಲೋ ಬಂದದ” ಎಂದ. ನನ್ನ ಜೀವಮಾನದಲ್ಲಿ ಅಷ್ಟು ಸಿಟ್ಟು ನನಗೆ ಇನ್ನಾವ ಹೊಗಳಿಕೆಗೂ ಬಂದಿಲ್ಲ.

ರಿಜಲ್ಟಿನ ದಿನ ಊರಿಗೆ ಹಬ್ಬ. ಗಣಿಗೆ ಅರ್ಧ ದಿನ ರಜೆ. ವಾಡಿಯಿಂದ ತಂದ ರೈಲುಹಳಿಯ ತುಂಡನ್ನು ಶಾಲೆಯ ಬೇವಿಗೆ ನೇತುಹಾಕಿದ್ದರು. ಅದನ್ನು ಬಾರಿಸಿದರೆ ಹೊಲದಲ್ಲಿದ್ದವರೂ ಬರುತ್ತಿದ್ದರು. ಅಪ್ಪ ಮೊದಲು ವರ್ಷದ ಸುದ್ದಿ ಓದುತ್ತಿದ್ದ. ಯಾರು ಶಾಲೆಗೆ ಕಲ್ಲು ಕೊಟ್ಟರು, ಯಾವ ಗೋಡೆ ಮಳೆಗೆ ಬಿತ್ತು, ಯಾರು ಕಟ್ಟಿಸಿದರು, ಆಟದಲ್ಲಿ ಯಾರು ಗೆದ್ದರು. ಆಮೇಲೆ ಪಾಸಾದವರ ಹೆಸರು, ಆರನೆಯದರಿಂದ ಶುರುಮಾಡಿ ಒಂದನೆಯದರವರೆಗೆ. ಹೆಸರು ಕರೆದ ಕೂಡಲೇ ಆ ಮನೆಯವರು ಎದ್ದುಬಂದು ಒಂದು ಚಿಟಿಕೆ ಸಕ್ಕರೆಯನ್ನು ಮಗುವಿನ ಬಾಯಿಗೆ, ಒಂದು ಚಿಟಿಕೆಯನ್ನು ಮಾಸ್ತರರ ಬಾಯಿಗೆ ಹಾಕಬೇಕು. ನಾಪಾಸಾದವರ ಹೆಸರು ಕರೆಯುವುದಿಲ್ಲ. ಅವರು ಸುಮ್ಮನೆ ಕೂತು, ಎಲ್ಲರೂ ಎದ್ದಾಗ ಎದ್ದು ಹೋಗಬೇಕು. ಆ ದಿನ ಅವ್ವ ಬರಲಿಲ್ಲ. ನಾನು ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದೆ. ಆರನೆಯದರ ಹೆಸರುಗಳು ಮುಗಿದವು. ಜನ ನನ್ನ ಕಡೆ ನೋಡಿದರು, ಅಪ್ಪನ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು. ಗಣಿಯ ಆಳುಗಳ ಮೇಲಿನ ಮುಕಾದಮ ಮೊದಲು ಎದ್ದು ನಿಂತ.

“ನೋಡ್ರಪಾ, ಸ್ವಂತ ಮಗಳಿಗೂ ರಿಯಾಯ್ತಿ ಕೊಡ್ಲಿಲ್ಲ! ಎಂಥಾ ಖರೇ ಮನಿಷಾ! ಇಂಥಾ ಮಾಸ್ತರ ಯಾವ ಊರಿಗಿ ಸಿಗ್ತಾರ?”

ಚಪ್ಪಾಳೆ ಬಿತ್ತು. ತನ್ನ ಮಗಳಿಗೆ ಸುಮ್ಮನೆ ಅಂಕಿ ಕೊಡುತ್ತಾನೆಂದು ಅಪ್ಪನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದವರೂ ಆ ದಿನ ಚಪ್ಪಾಳೆ ತಟ್ಟಿದರು. ಖಾತೂನಬಿ ಜೈನಾಬಿಯ ಬಾಯಿಗೆ ಸಕ್ಕರೆ ಹಾಕಿ, ಅಪ್ಪನ ಮುಂದೆ ಬಂದು ಕಣ್ಣು ತುಂಬಿಕೊಂಡು “ನಿಮ್ಮಂಥಾ ಇಮಾನದಾರ ಮಂದಿ ಇರೋದಕ್ಕೇ ಬಡವ್ರ ಮಕ್ಕಳು ಓದಾಕತ್ತಾವ್ರಿ ಸಾಬ” ಎಂದಳು. ಅಪ್ಪ ಕೈ ಮುಗಿದ. ಅವನು ಏನಾದರೂ ಹೇಳುತ್ತಾನೆಂದು ನಾನು ಕಾದೆ. ಹತ್ತನೆಯ ಮಗುವಿನ ಗುಟ್ಟು ಬಿಟ್ಟುಕೊಡಬೇಕೆಂದಲ್ಲ. ಅದು ಇನ್‌ಸ್ಪೆಕ್ಟರರ ಕಿವಿಗೆ ಬಿದ್ದರೆ ಎಲ್ಲ ಹಾಳೆಂದು ನನಗೂ ಗೊತ್ತಿತ್ತು. ಹಾಗೆಲ್ಲ ಹೊಗಳಬೇಡಿ ಎಂದಷ್ಟಾದರೂ ಅನ್ನಬಹುದಿತ್ತು. ಅವನು ಬಾಯಿ ತೆರೆದದ್ದು ಸಕ್ಕರೆಗೆ ಮಾತ್ರ.

ಮುಂದಿನ ವರ್ಷ ಹತ್ತು ಮಕ್ಕಳಾದರು. ಇನ್‌ಸ್ಪೆಕ್ಟರರು ಬೆರಳು ಮಾಡಿ ಎಣಿಸಿ ಹೋದರು. ನಾನು ಹಳೆಯ ಪುಸ್ತಕ ಹಿಡಿದು ಹೊಸ ಮಕ್ಕಳ ಜೊತೆ ಕೂತೆ. ಪಕ್ಕದಲ್ಲಿ ಜೈನಾಬಿ. ಅವಳಿಗೆ ಲೆಕ್ಕ ಬರುತ್ತಿರಲಿಲ್ಲ. ನಾನು ಹೇಳಿಕೊಟ್ಟೆ, ಭಿನ್ನರಾಶಿ, ಬಡ್ಡಿ, ಕ್ಷೇತ್ರಫಲ, ಎಲ್ಲವನ್ನೂ. ನಾನು ಕೂಡಲೇ ಉತ್ತರ ಹೇಳಿದರೆ ಹಿಂದಿನ ಸಾಲಿನಿಂದ ಯಾರಾದರೂ “ಎರಡನೇ ಸಲ ಕುಂತಾಳ, ಬರಲಾರದೇನು?” ಎನ್ನುತ್ತಿದ್ದರು. ಅಪ್ಪ ಹಲಗೆಯ ಮುಂದೆ ನಿಂತು ಕೇಳಿಸಿಕೊಂಡು ಮುಂದಿನ ಲೆಕ್ಕ ಬರೆಯುತ್ತಿದ್ದ. ಕ್ರಮೇಣ ನಾನು ಉತ್ತರ ಹೇಳುವುದನ್ನೇ ಬಿಟ್ಟೆ.

ಒಂದು ವರ್ಷದ ಮಾತು ಎಂದಿದ್ದನಲ್ಲ, ಆ ಒಂದು ವರ್ಷದಲ್ಲಿ ದೊಡ್ಡವ್ವನ ಗಂಡ ಸೊಲ್ಲಾಪುರದ ಗಿರಣಿಗೆ ಸೇರಿ ಸಂಸಾರ ಕಿತ್ತುಕೊಂಡು ಹೋದ. ಚಿತ್ತಾಪುರದಲ್ಲಿ ನಮ್ಮವರು ಅಂತ ಯಾರೂ ಉಳಿಯಲಿಲ್ಲ. ಜೈನಾಬಿಯನ್ನು ಅವಳ ಸೋದರಮಾವ ಶಹಾಬಾದಿಗೆ ಕರೆದುಕೊಂಡು ಹೋಗಿ ಶಾಲೆಗೆ ಹಾಕಿದ. ನಿಮ್ಮ ಹುಡುಗಿಯೂ ಬರಲಿ, ಎರಡೂ ಒಂದೇ ಹಾಸಿಗೆಯಲ್ಲಿ ಮಲಗಲಿ ಎಂದು ಖಾತೂನಬಿಯೇ ಕೇಳಿದಳು. ಜನ ಏನಂದಾರು ಎಂದು ಅಪ್ಪ ಒಪ್ಪಲಿಲ್ಲ. ನೋಡೋಣ, ನೋಡೋಣ ಎನ್ನುವಷ್ಟರಲ್ಲಿ ನಾನು ದೊಡ್ಡವಳಾದೆ, ಮತ್ತೆರಡು ವರ್ಷಕ್ಕೆ ಸೇಡಂ ಕಡೆಗೆ ನನ್ನನ್ನು ಕೊಟ್ಟರು. ಅವ್ವ ಟ್ರಂಕಿಗೆ ಮತ್ತೆ ಸೀರೆ ತುಂಬಿ ಕಳಿಸಿದಳು. ನಾನು ಈಗ ಬರೆಯುತ್ತಿರುವುದೆಲ್ಲ ಆರನೆಯ ಇಯತ್ತೆಯ ಕನ್ನಡ. ಎರಡು ಸಲ ಕಲಿತದ್ದರಿಂದ ಸ್ವಲ್ಪ ಗಟ್ಟಿಯಾಗಿದೆ. ಮಿಕ್ಕದ್ದು ನನ್ನ ಮಕ್ಕಳ ಪುಸ್ತಕಗಳಿಂದ ಬಂತು.

ನ್ಯಾಯವಾದ ಮಾತು ಹೇಳಬೇಕು. ಅಪ್ಪ ಮಾಡಿದ ಲೆಕ್ಕ ತಪ್ಪಿರಲಿಲ್ಲ. ಆ ಇಯತ್ತೆ ಉಳಿಯಿತು, ಆಮೇಲೆ ಏಳನೆಯದೂ ಬಂತು. ಆ ಒಂಬತ್ತರಲ್ಲಿ ಒಬ್ಬ ರೈಲ್ವೆಯಲ್ಲಿ ಸೇರಿದ, ಇನ್ನೊಬ್ಬ ತಹಸೀಲಿಯಲ್ಲಿ ಗುಮಾಸ್ತನಾದ, ಜೈನಾಬಿ ಮಾಸ್ತರಣಿಯಾದಳು. ಇದಕ್ಕೆಲ್ಲ ನಾನು ಹೊಟ್ಟೆಕಿಚ್ಚು ಪಡುವುದಿಲ್ಲ. ಆದರೆ ಅಪ್ಪ ಜೀವನವಿಡೀ ಹೊತ್ತು ತಿರುಗಿದ ಪ್ರಾಮಾಣಿಕ ಎಂಬ ಹೆಸರು ಇತ್ತಲ್ಲ, ಅದು ನನ್ನ ಹೆಸರನ್ನು ಒರೆಸಿ ಬರೆದದ್ದು. ಸೇಡಂನಲ್ಲಿ ನನ್ನ ಅತ್ತೆಯ ಮನೆಯವರೂ ಸೊಸೆಯನ್ನು ಪರಿಚಯಿಸುತ್ತಿದ್ದದ್ದು ಹಾಗೆಯೇ: ಸ್ವಂತ ಮಗಳನ್ನು ನಾಪಾಸು ಮಾಡಿದ ಮಾಸ್ತರರ ಮಗಳು ಎಂದು. ದಡ್ಡಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಅಪ್ಪ ನಿವೃತ್ತನಾಗುವ ವರ್ಷ, ರಿಜಲ್ಟಿನ ದಿನವೇ ಊರವರು ಅವನಿಗೆ ಸನ್ಮಾನ ಇಟ್ಟುಕೊಂಡರು. ಅವ್ವ ಆಗ ತೀರಿಹೋಗಿದ್ದಳು. ನಾನು ಹಿಂದಿನ ದಿನವೇ ಬಂದಿದ್ದೆ. ಬೆಳಿಗ್ಗೆ ಅವನ ಧೋತರಕ್ಕೆ ನಿರಿ ಹಿಡಿದು ಕೊಡುತ್ತಾ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಕೇಳಿದೆ.

“ಅಪ್ಪ, ಇನ್ನ ಸಾಲಿ ಮುಚ್ಚಂಗಿಲ್ಲ, ಇನ್‌ಸ್ಪೆಕ್ಟರೂ ಕೇಳಂಗಿಲ್ಲ. ಇವತ್ತ ಮಂದಿ ಮುಂದ ಒಂದು ಮಾತು ಹೇಳಿಬಿಡು. ನಾ ಪಾಸಾಗಿದ್ದೆ ಅಂತ.”

ಅವನು ಬಹಳ ಹೊತ್ತು ಟೊಪ್ಪಿಗೆಯ ಅಂಚನ್ನು ಸರಿಮಾಡುತ್ತಾ ನಿಂತ.

“ಹೇಳಿದ್ರ ಇಷ್ಟ ದಿನ ನನ್ನ ಮ್ಯಾಲ ಇಟ್ಟ ನಂಬಿಗಿ ಏನಾಗ್ತದ ಸುಸಲಿ? ಬಾಕಿ ಮಕ್ಕಳ ಅಂಕಿನೂ ಸುಳ್ಳ ಅಂತಾರ.”

ನಾನು ನಿರಿ ಹಿಡಿದು ಮುಗಿಸಿದೆ. ಸಭೆಯಲ್ಲಿ ಮಾತಾಡಿದ ನಾಲ್ಕು ಜನರಲ್ಲಿ ಮೂವರು ಅದೇ ಕಥೆ ಹೇಳಿದರು. ಚಪ್ಪಾಳೆಯಾದಾಗಲೆಲ್ಲ ಜನ ನನ್ನನ್ನು ಹುಡುಕಿ ನೋಡಿದರು. ಕೊನೆಗೆ ಜೈನಾಬಿ ಶಹಾಬಾದಿನಿಂದ ತಂದ ಹಾರ ಹಾಕಿ, ಅಪ್ಪನ ಕಾಲು ಮುಟ್ಟಿ, ನನ್ನ ಪಕ್ಕ ಬಂದು ಕೂತಳು. ನನ್ನ ಕೈ ತನ್ನ ಕೈಯಲ್ಲಿ ತೆಗೆದುಕೊಂಡಳು. ಕೆಟ್ಟದ್ದನ್ನು ಮನಸ್ಸಿನಲ್ಲೂ ಎಣಿಸುವವಳಲ್ಲ ಅವಳು. ಪ್ರೀತಿಯಿಂದಲೇ ಅಂದಳು.

“ಸುಸಲಿ, ನೀನೂ ಆವಾಗ ಜರಾ ಮನಸ್ಸಿಟ್ಟು ಓದಿದ್ದಿದ್ರ ಇವತ್ತ ನನ್ನ ಜೋಡಿ ನೌಕರಿ ಮಾಡ್ತಿದ್ದಿ ನೋಡು. ಮಾಸ್ತರಂಥಾ ಮಾಸ್ತರು ಮನ್ಯಾಗೇ ಇದ್ರು.”

ಬಾಯಿಯವರೆಗೆ ಬಂತು. ಮೂರನೆಯ ಕಲ್ಲು, ಹಸಿ ಬಟ್ಟೆ, ಅವ್ವನ ಕೊಡ, ಎಲ್ಲ.

“ಹೌದವಾ,” ಎಂದೆ. “ನನ್ನ ತಲಿಗಿ ಹತ್ತಲಿಲ್ಲ.”

ಅಪ್ಪ ನನ್ನ ಇನ್ನೊಂದು ಪಕ್ಕದ ಕುರ್ಚಿಯಲ್ಲಿ, ಕೊರಳ ತುಂಬ ಹಾರ ಹಾಕಿಕೊಂಡು, ಮಕ್ಕಳ ಹಾಡಿನ ಕಡೆ ಮುಖ ಮಾಡಿ ಕೂತಿದ್ದ. ಅವನ ಕಣ್ಣು ಆಗಲೇ ಮಂದವಾಗಿದ್ದವು, ಆದರೆ ಕಿವಿ ಸಾಯುವವರೆಗೂ ಚುರುಕಾಗಿದ್ದವು.